ಉತ್ತರ ಸಮುದ್ರದ ಬಿರುಗಾಳಿ ನೆರೆಗಳು ಮತ್ತು ಹಳೆಯ ಹವಾಮಾನ: ಪದೇ ಪದೇ ಕೇಳುವ ಪ್ರಶ್ನೆಗಳು

ಯುರೋಪಿನ ಯಾವುದೋ ಊರಿಗೆ ಕಡಲು ನುಗ್ಗಿದ ಸುದ್ದಿ ಬಂದ ಕೂಡಲೇ ಜನ ಎರಡು ಗುಂಪಾಗುತ್ತಾರೆ. ಒಂದು ಗುಂಪು "ನೋಡಿ, ಹವಾಮಾನ ಬದಲಾವಣೆ" ಅನ್ನುತ್ತದೆ. ಇನ್ನೊಂದು "ಸುಮ್ನಿರಿ, ಏಳುನೂರು ವರ್ಷದ ಹಿಂದೆಯೂ ಹೀಗೇ ಆಗಿತ್ತು" ಅನ್ನುತ್ತದೆ. ಇಬ್ಬರ ಮಾತಲ್ಲೂ ಹುರುಳಿದೆ. ಆದರೆ ಗಾಳಿ, ನೀರಿನ ಮಟ್ಟ, ನೆಲ ಈ ಮೂರನ್ನೂ ಬಿಡಿಬಿಡಿಯಾಗಿ ನೋಡುವ ತಾಳ್ಮೆ ಇಬ್ಬರಿಗೂ ಇರುವುದಿಲ್ಲ. ಇಲ್ಲಿನ ಉತ್ತರಗಳಲ್ಲಿ ನಾನು ಮಾಡಿರುವುದು ಮುಖ್ಯವಾಗಿ ಆ ಕೆಲಸ.

ಉದಾಹರಣೆಗೆ ಉತ್ತರ ಸಮುದ್ರವನ್ನೇ ಆರಿಸಿಕೊಂಡಿದ್ದೇನೆ. ನೆದರ್‌ಲ್ಯಾಂಡ್ಸ್, ಜರ್ಮನಿ, ಡೆನ್ಮಾರ್ಕ್, ಇಂಗ್ಲೆಂಡ್‌ಗಳ ದಡದಲ್ಲಿ ಕಡಲ ನೆರೆಯ ಬರಹದ ದಾಖಲೆಗಳು ನೂರಾರು ವರ್ಷ ಹಿಂದಕ್ಕೆ ಹೋಗುತ್ತವೆ. ಅದಕ್ಕೂ ಹಿಂದಿನದು ಮಣ್ಣಿನಲ್ಲಿ ಸಿಗುತ್ತದೆ.

ಬಿರುಗಾಳಿ ಬಂದರೆ ಅಲೆ ಜೋರಾಗುವುದು ಸರಿ. ಸಮುದ್ರದ ನೀರೇ ಯಾಕೆ ಏರುತ್ತದೆ?

ಎರಡು ಕಾರಣ. ಬಿರುಗಾಳಿಯ ನಡುವೆ ಗಾಳಿಯ ಒತ್ತಡ ಕಡಿಮೆ ಇರುತ್ತದೆ. ಒತ್ತಡ ಒಂದು ಮಿಲಿಬಾರ್ ಇಳಿದರೆ ನೀರು ಸುಮಾರು ಒಂದು ಸೆಂಟಿಮೀಟರ್ ಏಳುತ್ತದೆ. ಇದು ಚಿಕ್ಕ ಭಾಗ. ದೊಡ್ಡ ಭಾಗ ಗಾಳಿಯ ತಳ್ಳಾಟ. ಗಂಟೆಗಟ್ಟಲೆ ಒಂದೇ ದಿಕ್ಕಿಗೆ ಬೀಸುವ ಗಾಳಿ ನೀರನ್ನು ದಡದ ಕಡೆ ಒಟ್ಟುತ್ತಾ ಹೋಗುತ್ತದೆ. ಆಳ ಇದ್ದರೆ ಆ ನೀರು ತಳದಲ್ಲಿ ವಾಪಸ್ ಹರಿದುಹೋಗುತ್ತದೆ. ಆಳ ಕಡಿಮೆ ಇದ್ದರೆ ಹೋಗಲು ಜಾಗವಿಲ್ಲ, ಮೇಲಕ್ಕೇ ಏರಬೇಕು.

ಉತ್ತರ ಸಮುದ್ರದ ದಕ್ಷಿಣ ಭಾಗದಲ್ಲಿ ಆಳ ಬಹಳ ಕಡಿಮೆ. ಬಹುತೇಕ ಕಡೆ 50 ಮೀಟರ್ ಕೂಡ ಇಲ್ಲ. ಮೇಲಾಗಿ ಉತ್ತರದಲ್ಲಿ ಅಗಲವಾಗಿ ಶುರುವಾಗಿ ದಕ್ಷಿಣಕ್ಕೆ ಬರುತ್ತಾ ಇಂಗ್ಲೆಂಡ್ ಮತ್ತು ನೆದರ್‌ಲ್ಯಾಂಡ್ಸ್ ನಡುವೆ ಕಿರಿದಾಗುತ್ತದೆ. ವಾಯುವ್ಯದಿಂದ ಗಾಳಿ ಬೀಸಿತೆಂದರೆ ಇಡೀ ಸಮುದ್ರದ ನೀರು ಈ ಇಕ್ಕಟ್ಟಿಗೆ ಬಂದು ಸೇರುತ್ತದೆ. ಅದೇ ಹೊತ್ತಿಗೆ ಹುಣ್ಣಿಮೆಯೋ ಅಮಾವಾಸ್ಯೆಯೋ ಹತ್ತಿರವಿದ್ದು ದೊಡ್ಡ ಉಬ್ಬರವೂ ಕೂಡಿಕೊಂಡರೆ ಮುಗಿಯಿತು.

ಹಾಗಾಗಿ ನೆರೆ ಅನ್ನುವುದು ಒಂದು ಕೂಡಿಸುವ ಲೆಕ್ಕ. ಸಮುದ್ರದ ಸರಾಸರಿ ಮಟ್ಟ, ಅದರ ಮೇಲೆ ಉಬ್ಬರ, ಅದರ ಮೇಲೆ ಗಾಳಿ ಒಟ್ಟಿದ ನೀರು, ಅದರ ಮೇಲೆ ಅಲೆ. ಈ ಕಡೆಯಿಂದ ನೆಲ ಎಷ್ಟು ತಗ್ಗಿನಲ್ಲಿದೆ, ಒಡ್ಡು ಎಷ್ಟು ಎತ್ತರವಿದೆ ಅನ್ನುವುದು. ಹವಾಮಾನ ಈ ಸಾಲಿನ ಎಲ್ಲದರ ಮೇಲೂ ಒಂದೇ ರೀತಿ ಕೈಯಾಡಿಸುವುದಿಲ್ಲ. ಗೊಂದಲವೆಲ್ಲ ಶುರುವಾಗುವುದು ಅಲ್ಲೇ.

1953ರ ನೆರೆಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಅವತ್ತು ಏನಾಯಿತು?

1953ರ ಜನವರಿ 31, ಶನಿವಾರ ರಾತ್ರಿ. ಸ್ಕಾಟ್‌ಲ್ಯಾಂಡ್ ಕಡೆಯಿಂದ ಇಳಿದು ಬಂದ ಬಿರುಗಾಳಿ ದೊಡ್ಡ ಉಬ್ಬರದ ದಿನಕ್ಕೇ ಸರಿಯಾಗಿ ತಗುಲಿತು. ರಾಟರ್‌ಡ್ಯಾಮ್ ಬಂದರಿನ ಬಾಯಲ್ಲಿರುವ ಹುಕ್ ವಾನ್ ಹಾಲಂಡ್‌ನಲ್ಲಿ ನೀರು ಸರಾಸರಿ ಮಟ್ಟಕ್ಕಿಂತ 3.85 ಮೀಟರ್ ಏರಿತು. ನೈಋತ್ಯ ನೆದರ್‌ಲ್ಯಾಂಡ್ಸ್‌ನ ಝೀಲ್ಯಾಂಡ್ ಪ್ರಾಂತ್ಯದಲ್ಲಿ ಒಡ್ಡುಗಳು ಒಂದರ ಹಿಂದೆ ಒಂದು ಒಡೆದವು. ನೆದರ್‌ಲ್ಯಾಂಡ್ಸ್‌ನಲ್ಲಿ 1,836 ಜನ ಸತ್ತರು. ಇಂಗ್ಲೆಂಡಿನ ಪೂರ್ವ ಕರಾವಳಿಯಲ್ಲಿ 307.

ಹವಾಮಾನ ಸಂಸ್ಥೆ ಸಂಜೆಯೇ "ಅಪಾಯಕಾರಿ ನೀರು ಬರಲಿದೆ" ಎಂದು ಎಚ್ಚರಿಕೆ ಕೊಟ್ಟಿತ್ತು. ಆದರೆ ರೇಡಿಯೋ ಮಧ್ಯರಾತ್ರಿಗೆ ಬಂದ್ ಆಗುತ್ತಿತ್ತು. ವಾರದ ಕೊನೆ ಬೇರೆ. ಜನ ಮಲಗಿಬಿಟ್ಟಿದ್ದರು. ರಾತ್ರಿಯ ನೀರಿನಿಂದ ತಪ್ಪಿಸಿಕೊಂಡು ಮಾಳಿಗೆ ಹತ್ತಿ ಕೂತವರಲ್ಲಿ ಅನೇಕರು ಭಾನುವಾರ ಮಧ್ಯಾಹ್ನದ ಎರಡನೇ ಉಬ್ಬರಕ್ಕೆ ಬಲಿಯಾದರು. ಅಷ್ಟರಲ್ಲಿ ಒಡ್ಡುಗಳು ಬಾಯಿಬಿಟ್ಟಿದ್ದವು, ಗೋಡೆಗಳು ನೆನೆದಿದ್ದವು. ಮನೆಗಳೇ ಕುಸಿದವು.

ಇನ್ನೂ ದೊಡ್ಡ ಅನಾಹುತ ತಪ್ಪಿದ್ದು ಒಂದು ಸರಕು ದೋಣಿಯಿಂದ. ರಾಟರ್‌ಡ್ಯಾಮ್‌ನ ಪೂರ್ವಕ್ಕೆ ಗ್ರೂನೆನ್‌ಡೈಕ್ ಎಂಬ ಒಡ್ಡು ಇದೆ. ಅದರ ಹಿಂದಿನ ತಗ್ಗು ನೆಲದಲ್ಲಿ ಸುಮಾರು ಮೂವತ್ತು ಲಕ್ಷ ಜನ ವಾಸವಿದ್ದರು. ಬೆಳಗಿನ ಜಾವ ಒಡ್ಡು ಒಡೆಯಿತು. ಊರಿನ ಮೇಯರ್ ಹತ್ತಿರದಲ್ಲಿದ್ದ ದೋಣಿಯವನಿಗೆ ಹೇಳಿ ದೋಣಿಯನ್ನೇ ಆ ಕಂಡಿಗೆ ಅಡ್ಡ ನುಗ್ಗಿಸಿದರು. ನೀರಿನ ಸೆಳೆತವೇ ದೋಣಿಯನ್ನು ಬಾಗಿಲಿನ ಹಾಗೆ ಒಡ್ಡಿಗೆ ಒತ್ತಿ ಕೂರಿಸಿತು. ಕಂಡಿ ಮುಚ್ಚಿತು.

ಅದು ಹವಾಮಾನ ಬದಲಾವಣೆಯಿಂದ ಆದದ್ದಾ?

ಹಾಗೆ ಹೇಳಲು ಬರುವುದಿಲ್ಲ. ಅಂಥ ಬಿರುಗಾಳಿ ಉತ್ತರ ಸಮುದ್ರಕ್ಕೆ ಹೊಸದಲ್ಲ. ಒಡ್ಡುಗಳು ತಗ್ಗಾಗಿದ್ದವು, ಯುದ್ಧದ ನಂತರ ದುರಸ್ತಿಗೆ ದುಡ್ಡಿರಲಿಲ್ಲ. ಯೋಹಾನ್ ವಾನ್ ವೇನ್ ಎಂಬ ಸರ್ಕಾರಿ ಎಂಜಿನಿಯರ್ 1930ರ ದಶಕದ ಕೊನೆಯಿಂದಲೇ "ಈ ಒಡ್ಡುಗಳು ಸಾಲವು" ಎಂದು ಹೇಳುತ್ತಾ ಬಂದಿದ್ದರು. ಕೇಳುವವರು ಇರಲಿಲ್ಲ.

ಮಧ್ಯಯುಗದ ನೆರೆಗಳಿಗೆ ಸಂತರ ಹೆಸರು ಯಾಕೆ?

ನೆರೆ ಬಂದ ದಿನ ಕ್ರೈಸ್ತ ಪಂಚಾಂಗದಲ್ಲಿ ಯಾವ ಸಂತರ ಹಬ್ಬವೋ ಆ ಹೆಸರು. ನಮ್ಮಲ್ಲಿ ಆರಿದ್ರಾ ಮಳೆ, ಹಸ್ತದ ಮಳೆ ಅಂತ ನಕ್ಷತ್ರದ ಹೆಸರಿಟ್ಟು ಕರೆಯುತ್ತೇವಲ್ಲ, ಹಾಗೇ. 1287ರ ಡಿಸೆಂಬರ್‌ನದ್ದು ಸಂತ ಲೂಸಿಯಾ ನೆರೆ. ಅದರಲ್ಲಿ ನೆದರ್‌ಲ್ಯಾಂಡ್ಸ್‌ನ ಒಳಗಿನ ಸರೋವರವೊಂದು ಅಗಲವಾಗಿ ಬಾಯ್ತೆರೆದು ಸಮುದ್ರದ ಭಾಗವೇ ಆಗಿಹೋಯಿತು. 1362ರ ಜನವರಿಯದ್ದು ಸಂತ ಮಾರ್ಸೆಲಸ್ ನೆರೆ. 1421ರ ನವೆಂಬರ್‌ನದ್ದು ಸಂತ ಎಲಿಜಬೆತ್ ನೆರೆ. ಹತ್ತಾರು ಹಳ್ಳಿ ಮುಳುಗಿದ ಆ ಜಾಗ ಈಗ ಬೀಸ್‌ಬಾಸ್ ಎಂಬ ಜೌಗು ರಾಷ್ಟ್ರೀಯ ಉದ್ಯಾನ.

ಇದರಿಂದ ಇತಿಹಾಸಕಾರರಿಗೆ ತಲೆನೋವೂ ಇದೆ. ಸಂತ ಎಲಿಜಬೆತ್ ನೆರೆ 1404ರಲ್ಲಿ ಒಂದು, 1421ರಲ್ಲಿ ಒಂದು, 1424ರಲ್ಲಿ ಇನ್ನೊಂದು. ನಂತರ ಬರೆದವರು ಒಂದರ ಕಥೆಯನ್ನು ಇನ್ನೊಂದಕ್ಕೆ ಅಂಟಿಸಿದ್ದೂ ಉಂಟು. ಸತ್ತವರ ಸಂಖ್ಯೆಯಂತೂ ಬರೆದವರ ಕೈಗೆ ಬಂದ ಹಾಗೆ. ಮಧ್ಯಯುಗದ ನೆರೆಯಲ್ಲಿ "ಒಂದು ಲಕ್ಷ ಜನ ಸತ್ತರು" ಎಂಬ ಸಾಲು ಓದಿದರೆ ಅನುಮಾನ ಇಟ್ಟುಕೊಂಡೇ ಓದಿ.

ರುಂಗ್‌ಹೋಲ್ಟ್ ಎಂಬ ಮುಳುಗಿದ ಪಟ್ಟಣ ನಿಜವಾಗಿಯೂ ಇತ್ತಾ, ಅಥವಾ ಕಟ್ಟುಕಥೆಯಾ?

ಇತ್ತು. ಇಂದಿನ ಜರ್ಮನಿಯ ವಾಯುವ್ಯ ಮೂಲೆಯ ಕರಾವಳಿಯಲ್ಲಿತ್ತು. 1362ರ ನೆರೆಯಲ್ಲಿ ಹೋಯಿತು. ಆಮೇಲೆ ಅದರ ಸುತ್ತ ಕಥೆಗಳು ಬೆಳೆದವು. ಜನ ಸೊಕ್ಕಿದ್ದಕ್ಕೆ ದೇವರು ಮುಳುಗಿಸಿದ, ಈಗಲೂ ನೀರಿನಡಿ ಗಂಟೆ ಬಾರಿಸುತ್ತದೆ, ಹೀಗೆ. ಕಥೆ ಜಾಸ್ತಿಯಾಗಿ ಊರಿನ ಮೇಲೇ ಅನುಮಾನ ಬರುವಂತಾಯಿತು.

1920ರ ದಶಕದಿಂದ ಸೂಡ್‌ಫಾಲ್ ಎಂಬ ಪುಟ್ಟ ದ್ವೀಪದ ಸುತ್ತಲಿನ ಕೆಸರು ಬಯಲಿನಲ್ಲಿ ಬಾವಿಗಳ, ತೂಬುಗಳ ಅವಶೇಷ ಸಿಗತೊಡಗಿದವು. 2023ರಲ್ಲಿ ಕೀಲ್ ಮತ್ತು ಮೈನ್ಸ್ ವಿಶ್ವವಿದ್ಯಾಲಯಗಳವರೂ ಇದ್ದ ತಂಡ ದೊಡ್ಡ ಸುದ್ದಿ ಕೊಟ್ಟಿತು. ಕೆಸರಿನ ಮೇಲೆ ಕಾಂತಕ್ಷೇತ್ರ ಅಳೆಯುವ ಸಾಧನವನ್ನು ಚಕ್ರದ ಗಾಡಿಯಲ್ಲಿ ಎಳೆದುಕೊಂಡು ಹೋಗಿ ಅವರು ನೆಲದಡಿಯ ನಕ್ಷೆ ತೆಗೆದರು. ಸುಮಾರು ಎರಡು ಕಿಲೋಮೀಟರ್ ಉದ್ದಕ್ಕೆ ಮನುಷ್ಯರು ಕಟ್ಟಿದ ಮಣ್ಣಿನ ದಿನ್ನೆಗಳ ಸಾಲು ಕಂಡಿತು. ಒಂದು ದಿನ್ನೆಯ ಮೇಲೆ 40 ಮೀಟರ್ ಉದ್ದ, 15 ಮೀಟರ್ ಅಗಲದ ಚರ್ಚಿನ ತಳಪಾಯ. ಹಳ್ಳಿಗಾಡಿನಲ್ಲಿ ಅಷ್ಟು ದೊಡ್ಡ ಚರ್ಚ್ ಅಂದರೆ ಅದು ಒಳ್ಳೇ ದುಡ್ಡಿದ್ದ ಊರೇ ಸರಿ.

ಆಗ ಕಾರ್ಖಾನೆಯೂ ಇರಲಿಲ್ಲ, ಕಾರೂ ಇರಲಿಲ್ಲ. ಅಷ್ಟು ಭಾರಿ ನೆರೆ ಹೇಗೆ ಬಂತು?

ಈ ಪುಟದ ಅತಿ ಮುಖ್ಯ ಪ್ರಶ್ನೆ ಇದು. ಉತ್ತರ ಆಕಾಶದಲ್ಲಿ ಅರ್ಧ ಇದೆ, ನೆಲದಲ್ಲಿ ಅರ್ಧ. ನೆಲದ್ದನ್ನು ಮೊದಲು ನೋಡೋಣ. ಯಾಕೆಂದರೆ ಅದನ್ನು ಎಲ್ಲರೂ ಮರೆಯುತ್ತಾರೆ.

ನೆದರ್‌ಲ್ಯಾಂಡ್ಸ್ ಮತ್ತು ಪಕ್ಕದ ಜರ್ಮನಿಯ ಕರಾವಳಿ ಸಾವಿರ ವರ್ಷದ ಹಿಂದೆ ಬಹುಪಾಲು ಪೀಟ್ ಜೌಗು. ಪೀಟ್ ಅಂದರೆ ಸಾವಿರಾರು ವರ್ಷದ ಪಾಚಿ, ಹುಲ್ಲು ಪೂರ್ತಿ ಕೊಳೆಯದೆ ಸ್ಪಂಜಿನ ಥರ ನೀರು ಹಿಡಿದುಕೊಂಡು ಕೂತಿರುವ ಕಪ್ಪು ಮಣ್ಣು. ಅದರ ತೂಕದಲ್ಲಿ ಹೆಚ್ಚಿನದು ನೀರೇ. ಆ ಕಾಲದಲ್ಲಿ ಈ ಜೌಗು ಸಮುದ್ರಮಟ್ಟಕ್ಕಿಂತ ಮೇಲೇ ಇತ್ತು.

ಕ್ರಿ.ಶ. 1000ದ ಹೊತ್ತಿಗೆ ರೈತರು ಕಾಲುವೆ ತೋಡಿ ನೀರು ಬಸಿದು ಸಾಗುವಳಿ ಮಾಡತೊಡಗಿದರು. ಮೊದಮೊದಲು ಒಳ್ಳೆಯ ಬೆಳೆ. ಆದರೆ ನೀರು ಬಸಿದ ಪೀಟ್ ಕುಗ್ಗುತ್ತದೆ. ಗಾಳಿ ತಾಗಿದ ಭಾಗ ಕೊಳೆತು ಇಂಗಾಲದ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ. ನೆಲ ಇಳಿಯಿತು. ಇಳಿದದ್ದಕ್ಕೆ ಮತ್ತೆ ಒದ್ದೆಯಾಯಿತು. ಇನ್ನಷ್ಟು ಆಳಕ್ಕೆ ಕಾಲುವೆ ತೋಡಿದರು. ನೆಲ ಇನ್ನಷ್ಟು ಇಳಿಯಿತು. ಸಾಲದ್ದಕ್ಕೆ ಒಲೆಗೆ ಅಂತ ಪೀಟ್ ಅಗೆದರು. ಕಡಲ ಉಪ್ಪು ಹೀರಿದ ಪೀಟನ್ನು ಸುಟ್ಟು, ಬೂದಿಯಿಂದ ಉಪ್ಪು ತೆಗೆದು ಮಾರಿದರು. ಕೆಲವು ಕಡೆ ಒಡ್ಡಿನ ಬುಡದ ಹತ್ತಿರವೇ ಅಗೆದರು.

ಹೀಗೆ ಕೆಲವೇ ಶತಮಾನಗಳಲ್ಲಿ ಮನುಷ್ಯರೇ ತಮ್ಮ ಊರನ್ನು ಕಡಲಿಗಿಂತ ಕೆಳಕ್ಕೆ ಇಳಿಸಿಕೊಂಡರು. ಆ ಬಳಿಕ ಬಂದ ಬಿರುಗಾಳಿ ಹಳೆಯದರಷ್ಟೇ ಜೋರಿದ್ದರೂ ಪರಿಣಾಮ ಬೇರೆಯಾಗಿತ್ತು. ಒಡ್ಡು ಒಡೆದರೆ ಒಳಗೆ ಬಂದ ನೀರು ವಾಪಸ್ ಹೋಗುವುದೇ ಇಲ್ಲ. 1421ರಲ್ಲಿ ಮುಳುಗಿದ ನೆಲ ಮತ್ತೆ ಮೇಲೆ ಬರದೇ ಇದ್ದದ್ದು ಇದಕ್ಕೇ. ಆ ಭಾಗದಲ್ಲಿ ಆಗ ಒಳಜಗಳವೂ ಇತ್ತು, ಒಡ್ಡಿನ ದುರಸ್ತಿ ಯಾರಿಗೂ ಬೇಡವಾಗಿತ್ತು.

ಇದಕ್ಕಿಂತ ಹಳೆಯ ಜನ ಬೇರೆ ದಾರಿ ಹಿಡಿದಿದ್ದರು. ಮಣ್ಣಿನ ದಿನ್ನೆ ಕಟ್ಟಿ ಅದರ ಮೇಲೆ ಮನೆ. ನೀರು ಬಂದರೆ ಬರಲಿ, ಹೋದರೆ ಹೋಗಲಿ. ಒಂದನೇ ಶತಮಾನದ ರೋಮನ್ ಬರಹಗಾರ ಪ್ಲಿನಿ ಆ ಜನರನ್ನು ಕಂಡು ಮರುಕಪಟ್ಟು ಬರೆದಿದ್ದಾನೆ. ಮರುಕಕ್ಕೆ ಕಾರಣವಿರಲಿಲ್ಲ ಅನ್ನಿಸುತ್ತದೆ ನನಗೆ. ನೀರು ಹರಡಿಕೊಂಡಾಗ ಹೂಳನ್ನೂ ತಂದು ಹಾಕುತ್ತಿತ್ತು, ನೆಲ ಏರುತ್ತಿತ್ತು. ಜರ್ಮನಿಯ ಹಾಲಿಗ್ ಎಂಬ ಪುಟ್ಟ ದ್ವೀಪಗಳಲ್ಲಿ ಇವತ್ತಿಗೂ ಜನ ಹೀಗೇ ಬದುಕುತ್ತಾರೆ. ದೊಡ್ಡ ಬಿರುಗಾಳಿ ಬಂದಾಗ ಹೊಲವೆಲ್ಲ ಮುಳುಗಿ ದಿನ್ನೆಯ ಮೇಲಿನ ಮನೆಗಳಷ್ಟೇ ನೀರಿನ ಮೇಲೆ ಉಳಿಯುತ್ತವೆ.

ಆಕಾಶದ ಅರ್ಧ ಯಾವುದು? ಕಿರು ಹಿಮಯುಗದಲ್ಲಿ ಬಿರುಗಾಳಿ ಜಾಸ್ತಿ ಇತ್ತಾ?

ಸುಮಾರು 1300ರಿಂದ 1850ರ ನಡುವೆ ಯುರೋಪ್ ಈಗಿಗಿಂತ ತಣ್ಣಗಿತ್ತು. ಅದಕ್ಕೇ ಕಿರು ಹಿಮಯುಗ ಅನ್ನುತ್ತಾರೆ. ಇದೇ ಅವಧಿಯಲ್ಲಿ ದೊಡ್ಡ ನೆರೆಗಳ ಪಟ್ಟಿ ಉದ್ದವಾಗಿದೆ. 1362, 1421, 1570. 1634ರ ಅಕ್ಟೋಬರ್‌ನಲ್ಲಿ ಸ್ಟ್ರಾಂಡ್ ಎಂಬ ದ್ವೀಪವೇ ತುಂಡಾಗಿ ನಾರ್ಡ್‌ಸ್ಟ್ರಾಂಡ್ ಮತ್ತು ಪೆಲ್‌ವರ್ಮ್ ಎಂದು ಬೇರೆ ಬೇರೆ ಆಯಿತು. ಸಾವಿರಾರು ಜನ ಸತ್ತರು. 1717ರ ಕ್ರಿಸ್‌ಮಸ್ ರಾತ್ರಿ ಹತ್ತು ಸಾವಿರಕ್ಕೂ ಹೆಚ್ಚು.

ನೀರು ಮಾತ್ರ ಅಲ್ಲ, ಮರಳೂ ಸಾಕ್ಷಿ ಹೇಳುತ್ತದೆ. 1694ರಲ್ಲಿ ಸ್ಕಾಟ್‌ಲ್ಯಾಂಡಿನ ಕಲ್ಬಿನ್ ಎಂಬಲ್ಲಿ ಹಾರಿಬಂದ ಮರಳು ಒಂದು ಇಡೀ ಜಮೀನ್ದಾರಿಯನ್ನು ಹೂತುಹಾಕಿತು. ಡೆನ್ಮಾರ್ಕಿನ ತುತ್ತತುದಿಯ ಸ್ಕಾಗೆನ್‌ನಲ್ಲಿ ಚರ್ಚಿಗೆ ಹೋಗುವವರು ಬಾಗಿಲಿನ ಮುಂದಿನ ಮರಳನ್ನು ಅಗೆದು ಒಳಗೆ ಹೋಗಬೇಕಾಗುತ್ತಿತ್ತು. ಕೊನೆಗೆ 1795ರಲ್ಲಿ ಚರ್ಚನ್ನೇ ಬಿಟ್ಟರು. ಈಗ ಅದರ ಗೋಪುರವಷ್ಟೇ ಮರಳಿನ ಮೇಲೆ ಎದ್ದು ನಿಂತಿದೆ. ಇಲ್ಲೂ ಪೂರ್ತಿ ತಪ್ಪು ಗಾಳಿಯದಲ್ಲ. ದನ ಮೇಯಿಸಿ, ಹುಲ್ಲು ಕಿತ್ತು ಮರಳುಗುಡ್ಡೆಗಳನ್ನು ಬೋಳು ಮಾಡಿದ್ದರು.

ತಣ್ಣಗಿದ್ದಾಗ ಬಿರುಗಾಳಿ ಯಾಕೆ ಜೋರಾಗಬೇಕು? ಈ ಭಾಗದ ಚಳಿಗಾಲದ ಬಿರುಗಾಳಿಗೂ ನಮ್ಮ ಬಂಗಾಳ ಕೊಲ್ಲಿಯ ಚಂಡಮಾರುತಕ್ಕೂ ವ್ಯತ್ಯಾಸವಿದೆ. ಚಂಡಮಾರುತಕ್ಕೆ ಬಿಸಿ ಸಮುದ್ರ ಬೇಕು. ಉತ್ತರ ಸಮುದ್ರದ ಬಿರುಗಾಳಿ ಹುಟ್ಟುವುದು ಉತ್ತರದ ಚಳಿಗೂ ದಕ್ಷಿಣದ ಬಿಸಿಗೂ ಇರುವ ಅಂತರದಿಂದ. ಆರ್ಕ್ಟಿಕ್ ಹಿಮ ದಕ್ಷಿಣಕ್ಕೆ ಇಳಿದು ಬಂದಾಗ ಆ ಅಂತರ ಹೆಚ್ಚುತ್ತದೆ. ಬಿರುಗಾಳಿಗೆ ಮೇವು ಸಿಗುತ್ತದೆ. ಬ್ರಿಟನ್ನಿನ ಹವಾಮಾನ ಇತಿಹಾಸಕಾರ ಹ್ಯೂಬರ್ಟ್ ಲ್ಯಾಂಬ್ ಹಳೆಯ ಹಡಗಿನ ದಿನಚರಿ, ಚರ್ಚಿನ ಪುಸ್ತಕಗಳನ್ನೆಲ್ಲ ಹುಡುಕಿ ಈ ವಾದಕ್ಕೆ ಬಲ ಕೊಟ್ಟರು.

ಒಂದು ವಿಷಯ ಗಮನಿಸಿ. ಆ ಕಾಲದಲ್ಲಿ ಸಮುದ್ರಮಟ್ಟ ಈಗಿನದಕ್ಕಿಂತ ಕಡಿಮೆಯೇ ಇತ್ತು. ಆದರೂ ಅಷ್ಟು ನೆರೆ. ಹಾಗಾಗಿ "ನೆರೆ ಅಂದರೆ ಬಿಸಿ ಭೂಮಿ" ಎಂಬ ಸರಳ ಸೂತ್ರ ಇಲ್ಲಿ ನಡೆಯುವುದಿಲ್ಲ.

ಚಳಿಯಲ್ಲಿ ಬಿರುಗಾಳಿ ಜಾಸ್ತಿ ಅಂದಮೇಲೆ ಭೂಮಿ ಬಿಸಿಯಾದರೆ ಕಡಿಮೆಯಾಗಬೇಕಲ್ಲ? ಒಳ್ಳೇದೇ ಆಯ್ತಲ್ಲ?

ಜಾಣ ಪ್ರಶ್ನೆ. ಆದರೆ ಅಷ್ಟು ಸಲೀಸಾಗಿಲ್ಲ. ಆರ್ಕ್ಟಿಕ್ ಬೇಗ ಬಿಸಿಯಾಗುತ್ತಿರುವುದರಿಂದ ನೆಲದ ಹತ್ತಿರ ಉತ್ತರ-ದಕ್ಷಿಣ ಅಂತರ ಕಮ್ಮಿಯಾಗುತ್ತಿದೆ, ನಿಜ. ಆದರೆ ವಾತಾವರಣದ ಮೇಲಿನ ಪದರದಲ್ಲಿ ಉಷ್ಣವಲಯ ಹೆಚ್ಚು ಬಿಸಿಯಾಗಿ ಅಲ್ಲಿ ಅಂತರ ಹೆಚ್ಚುತ್ತಿದೆ. ಜೊತೆಗೆ ಬಿಸಿ ಗಾಳಿ ಹೆಚ್ಚು ತೇವ ಹೊರುತ್ತದೆ, ಅದೂ ಬಿರುಗಾಳಿಗೆ ಶಕ್ತಿ. ಒಂದು ಕಡೆ ಎಳೆತ, ಇನ್ನೊಂದು ಕಡೆ ಎಳೆತ.

ಅಳತೆಗಳು ಏನು ಹೇಳುತ್ತವೆ? 1880ರ ದಶಕದ ಆಸುಪಾಸಿನಲ್ಲಿ ಬಿರುಗಾಳಿ ಜೋರಿತ್ತು. 1960ರ ದಶಕದಲ್ಲಿ ತಗ್ಗಿತು. 1990ರ ದಶಕದ ಶುರುವಿನಲ್ಲಿ ಮತ್ತೆ ಏರಿತು, ಆಮೇಲೆ ಇಳಿಯಿತು. ಒಂದೇ ದಿಕ್ಕಿನ ಏರಿಕೆ ಕಾಣುವುದಿಲ್ಲ. 1960ರಿಂದ 1990ರವರೆಗಿನ ಅಂಕಿ ಮಾತ್ರ ತೋರಿಸಿ "ಬಿರುಗಾಳಿ ಹೆಚ್ಚಿದೆ" ಅನ್ನುವವರೂ ಸಿಗುತ್ತಾರೆ, 1990ರಿಂದ ಶುರುಮಾಡಿ "ಕಡಿಮೆಯಾಗಿದೆ" ಅನ್ನುವವರೂ ಸಿಗುತ್ತಾರೆ. ಲೆಕ್ಕ ಎಲ್ಲಿಂದ ಶುರುವಾಗಿದೆ ಅಂತ ಮೊದಲು ಕೇಳಿ.

ಆದರೆ "ಒಳ್ಳೇದೇ ಆಯ್ತು" ಅನ್ನಲಾಗದ ಕಾರಣ ಬೇರೆ ಇದೆ. ಗಾಳಿ ಏರಿಳಿಯುತ್ತದೆ. ಸಮುದ್ರಮಟ್ಟ ಹಾಗಲ್ಲ. ಭೂಮಿ ಬಿಸಿಯಾದಷ್ಟು ಅದು ಏರುತ್ತದೆ, ಏರುತ್ತಲೇ ಇರುತ್ತದೆ. ಗಾಳಿ ಒಂದು ಚೂರೂ ಹೆಚ್ಚದಿದ್ದರೂ ನೆರೆ ಹೆಚ್ಚುತ್ತದೆ.

ಇಪ್ಪತ್ತು ಸೆಂಟಿಮೀಟರ್ ಏರಿದರೆ ಏನು ಮಹಾ? ಬಿರುಗಾಳಿ ಬಂದಾಗ ನೀರು ಮೂರು-ನಾಲ್ಕು ಮೀಟರ್ ಏರುತ್ತದಲ್ಲ?

1901ರಿಂದ 2018ರ ಒಳಗೆ ಜಗತ್ತಿನ ಸಮುದ್ರಮಟ್ಟ ಸರಾಸರಿ 20 ಸೆಂಟಿಮೀಟರ್ ಏರಿದೆ. ಕಳೆದ 3,000 ವರ್ಷಗಳಲ್ಲಿ ಯಾವ ಶತಮಾನದಲ್ಲೂ ಇಷ್ಟು ವೇಗ ಇರಲಿಲ್ಲ. 2006ರಿಂದ 2018ರ ನಡುವೆ ವರ್ಷಕ್ಕೆ 3.7 ಮಿಲಿಮೀಟರ್. ಇದು ಜುಜುಬಿ ಅನ್ನಿಸುವುದು ಸಹಜ.

ಆದರೆ ದೊಡ್ಡ ನೆರೆಗಳ ಲೆಕ್ಕ ವಿಚಿತ್ರ. ಹುಕ್ ವಾನ್ ಹಾಲಂಡ್‌ನಲ್ಲಿ 10,000 ವರ್ಷಕ್ಕೊಮ್ಮೆ ಬರುವ ನೀರಿನ ಮಟ್ಟ 5 ಮೀಟರ್ ಎಂದು 1960ರಲ್ಲಿ ಡೆಲ್ಟಾ ಸಮಿತಿ (1953ರ ನೆರೆಯ ನಂತರ ಡಚ್ ಸರ್ಕಾರ ನೇಮಿಸಿದ್ದು) ನಿಗದಿ ಮಾಡಿತು. ಸಾವಿರ ವರ್ಷಕ್ಕೊಮ್ಮೆ ಬರುವ ಮಟ್ಟಕ್ಕೂ ಇದಕ್ಕೂ ಇರುವ ವ್ಯತ್ಯಾಸ ಸುಮಾರು 70 ಸೆಂಟಿಮೀಟರ್ ಅಷ್ಟೇ. ಅಂದರೆ ಸಮುದ್ರದ ಸರಾಸರಿ ಮಟ್ಟ 70 ಸೆಂಟಿಮೀಟರ್ ಏರಿದರೆ, ಒಡ್ಡು ಅಷ್ಟೇ ಎತ್ತರ ಇದ್ದರೆ, ಅಪಾಯ ಹತ್ತು ಪಟ್ಟು. ಶತಮಾನದ ಕೊನೆಗೆ ಜಾಗತಿಕ ಏರಿಕೆ, ಹೊಗೆ ಬಿಡುವುದು ತೀರಾ ಜಾಸ್ತಿಯಾದರೆ, 63ರಿಂದ 101 ಸೆಂಟಿಮೀಟರ್ ಆಗಬಹುದು ಎಂಬುದು ವಿಶ್ವಸಂಸ್ಥೆಯ ಹವಾಮಾನ ಸಮಿತಿಯ 2021ರ ಅಂದಾಜು. ಕೂಡಿಸಿ ನೋಡಿ.

ಅಳತೆ ಇಷ್ಟು ಖಚಿತವಾಗಿ ಇರುವುದಕ್ಕೆ ಆಮ್‌ಸ್ಟರ್‌ಡ್ಯಾಮ್ ಊರಿಗೆ ಋಣಿಯಾಗಿರಬೇಕು. 1675ರ ನೆರೆಯ ನಂತರ ಯೋಹಾನ್ನೆಸ್ ಹುಡ್ಡೆ ಎಂಬ ಮೇಯರ್, ಗಣಿತಜ್ಞ ಕೂಡ, ನೀರಿನ ಗೇಟುಗಳ ಗೋಡೆಯಲ್ಲಿ ಎಂಟು ಅಮೃತಶಿಲೆಯ ಕಲ್ಲು ಕೂರಿಸಿದರು. ಪ್ರತಿ ಕಲ್ಲಿನಲ್ಲೂ ಅಡ್ಡಗೀರು. "ಒಡ್ಡಿನ ಎತ್ತರ ಇಲ್ಲಿವರೆಗೆ, ನಗರದ ನೀರಿನ ಮಟ್ಟದಿಂದ 9 ಅಡಿ 5 ಅಂಗುಲ ಮೇಲೆ" ಎಂಬ ಅರ್ಥದ ಬರಹ. ಅದೇ ಮಟ್ಟದ ಮುಂದುವರಿಕೆಯೇ ಇವತ್ತು ಯುರೋಪಿನ ಹಲವು ದೇಶಗಳ ಎತ್ತರದ ಲೆಕ್ಕಕ್ಕೆ ಸೊನ್ನೆ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ 1700ರಿಂದ ನೀರಿನ ಮಟ್ಟ ಬರೆದಿಟ್ಟಿದ್ದಾರೆ.

ಬರಹವೂ ಇಲ್ಲದ ಕಾಲದ ಬಿರುಗಾಳಿಯನ್ನು ಹೇಗೆ ಪತ್ತೆ ಮಾಡುತ್ತಾರೆ?

ಮಣ್ಣಿನಿಂದ. ಕಡಲ ಪಕ್ಕದ ಜೌಗಿನಲ್ಲಿ ವರ್ಷವಿಡೀ ನುಣ್ಣನೆ ಕೆಸರು ಕೂರುತ್ತಿರುತ್ತದೆ. ದೊಡ್ಡ ಬಿರುಗಾಳಿ ಬಂದರೆ ಕಡಲ ಮರಳು, ಚಿಪ್ಪು ಹಾರಿಬಂದು ಕೆಸರಿನ ಮೇಲೆ ಒಂದು ಪದರ ಬೀಳುತ್ತದೆ. ನಂತರ ಮತ್ತೆ ಕೆಸರು. ಕೊಳವೆ ಇಳಿಸಿ ಮಣ್ಣಿನ ಕಂಬ ತೆಗೆದು ಉದ್ದಕ್ಕೆ ಸೀಳಿದರೆ ಕಪ್ಪು ಕೆಸರಿನ ನಡುವೆ ತಿಳಿ ಬಣ್ಣದ ಮರಳ ಗೆರೆಗಳು ಕಾಣುತ್ತವೆ. ಆ ಮರಳಿನಲ್ಲಿ ಕಡಲಲ್ಲಿ ಮಾತ್ರ ಬದುಕುವ ಸೂಕ್ಷ್ಮಜೀವಿಗಳ ಚಿಪ್ಪು ಇದ್ದರೆ ಅದು ಹೊಳೆಯ ನೆರೆಯಲ್ಲ, ಕಡಲಿನದೇ ಎಂದು ಖಾತ್ರಿಯಾಗುತ್ತದೆ.

ಕಾಲ ತಿಳಿಯುವುದು ಹೇಗೆ? ಪೀಟ್, ಎಲೆ, ಬೇರು ಸಿಕ್ಕರೆ ಇಂಗಾಲ-14, ಅಂದರೆ ಅವುಗಳಲ್ಲಿ ಉಳಿದಿರುವ ವಿಕಿರಣಶೀಲ ಇಂಗಾಲದ ಲೆಕ್ಕ. ಬರೀ ಮರಳಿದ್ದರೆ ಇನ್ನೊಂದು ಸೊಗಸಾದ ವಿಧಾನ ಇದೆ. ಬಿಸಿಲು ಕಂಡ ಸ್ಫಟಿಕ ಮರಳಿನ ಕಾಳು "ಸೊನ್ನೆ"ಗೆ ಬರುತ್ತದೆ. ಹೂತುಹೋದ ಮೇಲೆ ಸುತ್ತಲಿನ ಮಣ್ಣಿನ ಸಹಜ ವಿಕಿರಣ ಅದರೊಳಗೆ ಸ್ವಲ್ಪಸ್ವಲ್ಪ ಶಕ್ತಿ ತುಂಬುತ್ತಾ ಹೋಗುತ್ತದೆ. ಪ್ರಯೋಗಾಲಯದಲ್ಲಿ ಅದರ ಮೇಲೆ ಬೆಳಕು ಹಾಯಿಸಿದರೆ ಆ ಶಕ್ತಿ ಮಂದ ಬೆಳಕಾಗಿ ಹೊರಬರುತ್ತದೆ. ಎಷ್ಟು ಬೆಳಕೋ ಅಷ್ಟು ವರ್ಷ. ಹಾಗಾಗಿ ಮರಳನ್ನು ಅಪಾರದರ್ಶಕ ಕೊಳವೆಯಲ್ಲೇ ತುಂಬಿಕೊಂಡು ಬರಬೇಕು. ಬಿಚ್ಚುವುದು ಮಂದ ಕೆಂಪು ದೀಪದಲ್ಲಿ. ಒಂದು ಕ್ಷಣ ಬಿಸಿಲು ಬಿದ್ದರೂ ಶತಮಾನಗಳ ಲೆಕ್ಕ ಅಳಿಸಿಹೋಗುತ್ತದೆ.

ಈ ವಿಧಾನದಿಂದ ನೆದರ್‌ಲ್ಯಾಂಡ್ಸ್‌ನ ಹೀಮ್ಸ್‌ಕರ್ಕ್ ಬಳಿ ಒಳ್ಳೆಯ ಫಲಿತಾಂಶ ಸಿಕ್ಕಿತು. ಬಿರುಗಾಳಿಯೊಂದು ಮರಳುಗುಡ್ಡೆಯ ಮುಖ ಕೊರೆದಾಗ ಒಳಗೆ ಬಹಳ ಎತ್ತರದಲ್ಲಿ ಚಿಪ್ಪಿನ ಪದರ ಕಂಡಿತು. ಮರಳಿನ ವಯಸ್ಸು ತೆಗೆದರೆ ಅದು 1775-76ರ ನೆರೆಗಳಿಗೆ ಹೊಂದಿತು. ಆ ದಡದಲ್ಲಿ ಅಳತೆ ಶುರುವಾಗುವುದಕ್ಕೆ ಎಷ್ಟೋ ಮುಂಚಿನ ಬಿರುಗಾಳಿ. ಒಡ್ಡು ಕಟ್ಟುವವರಿಗೆ ಇಂಥ ಪುರಾವೆ ಚಿನ್ನ. ನೂರು-ನೂರೈವತ್ತು ವರ್ಷದ ಅಳತೆ ಇಟ್ಟುಕೊಂಡು 10,000 ವರ್ಷದ ನೆರೆ ಊಹಿಸುವುದು ಎಂಥ ಕಷ್ಟ, ಅಲ್ವಾ?

ಇನ್ನೂ ಹಿಂದೆ ಹೋದರೆ?

21,000 ವರ್ಷದ ಹಿಂದೆ ಹಿಮಯುಗ ತಾರಕದಲ್ಲಿದ್ದಾಗ ಸಮುದ್ರ ಈಗಿಗಿಂತ 120 ಮೀಟರಿಗೂ ಕೆಳಗಿತ್ತು. ಉತ್ತರ ಸಮುದ್ರದ ದಕ್ಷಿಣ ಭಾಗ ಒಣ ನೆಲ. ಅದಕ್ಕೆ ಈಗ ಡಾಗರ್‌ಲ್ಯಾಂಡ್ ಅನ್ನುತ್ತಾರೆ. 1931ರಲ್ಲಿ ಕೊಲಿಂಡಾ ಎಂಬ ಮೀನುಗಾರಿಕಾ ಹಡಗಿನ ಬಲೆಗೆ ಪೀಟ್ ಉಂಡೆಯೊಂದು ಬಂತು. ಒಡೆದರೆ ಒಳಗೆ ಜಿಂಕೆ ಕೊಂಬಿನಿಂದ ಮಾಡಿದ ಈಟಿಯ ಮೊನೆ! ಹಿಮ ಕರಗಿ ಆ ನೆಲ ಮೆಲ್ಲಗೆ ಮುಳುಗಿತು. ಸುಮಾರು 8,150 ವರ್ಷದ ಹಿಂದೆ ನಾರ್ವೆಯ ಕಡಲಡಿಯ ಭೂಕುಸಿತದಿಂದ ಎದ್ದ ಸುನಾಮಿಯೂ ಉಳಿದ ತಗ್ಗು ನೆಲಕ್ಕೆ ಬಡಿಯಿತು. ಅದು ಬಿರುಗಾಳಿಯಲ್ಲ. ಮಣ್ಣಿನ ಪದರದಲ್ಲಿ ಸುನಾಮಿ ಮತ್ತು ಬಿರುಗಾಳಿಯನ್ನು ಬೇರೆ ಮಾಡುವುದು ಈ ಕ್ಷೇತ್ರದ ಹಳೆಯ ಜಗಳಗಳಲ್ಲಿ ಒಂದು.

ಸಮುದ್ರಮಟ್ಟ ಎಲ್ಲ ಕಡೆ ಒಂದೇ ಸಮ ಏರುತ್ತದಾ?

ಇಲ್ಲ. ಸ್ವೀಡನ್-ಫಿನ್‌ಲ್ಯಾಂಡ್ ನಡುವಿನ ಕೊಲ್ಲಿಯ ಉತ್ತರದಲ್ಲಿ ನೆಲವೇ ವರ್ಷಕ್ಕೆ ಸುಮಾರು 8-9 ಮಿಲಿಮೀಟರ್ ಏಳುತ್ತಿದೆ. ಹಿಮಯುಗದ ಮಂಜಿನ ಭಾರ ಇಳಿದದ್ದರ ಪರಿಣಾಮ ಇನ್ನೂ ಮುಗಿದಿಲ್ಲ. ಅಲ್ಲಿ ಸಮುದ್ರ ಹಿಂದೆ ಸರಿಯುತ್ತಿದೆ. ನೆದರ್‌ಲ್ಯಾಂಡ್ಸ್ ಮತ್ತು ದಕ್ಷಿಣ ಇಂಗ್ಲೆಂಡ್ ಅದಕ್ಕೆ ವಿರುದ್ಧ, ಮೆಲ್ಲಗೆ ಇಳಿಯುತ್ತಿವೆ.

ನೀರು ಹೆಚ್ಚಾದರೆ ಸಾವೂ ಹೆಚ್ಚಲೇಬೇಕಾ?

ಬೇಡ. ಹ್ಯಾಂಬರ್ಗ್ ನೋಡಿ. 1962ರ ಫೆಬ್ರವರಿಯಲ್ಲಿ ಎಲ್ಬೆ ನದಿಯ ಮೂಲಕ ಬಂದ ಕಡಲ ನೀರು 5.70 ಮೀಟರ್ ಏರಿತು. ನಗರದಲ್ಲಿ 315 ಜನ ಸತ್ತರು. 1976ರ ಜನವರಿಯಲ್ಲಿ ನೀರು 6.45 ಮೀಟರ್. ಮುಕ್ಕಾಲು ಮೀಟರ್ ಹೆಚ್ಚು. ಆದರೆ ನಡುವೆ ಒಡ್ಡು ಎತ್ತರಿಸಿದ್ದರು, ಎಚ್ಚರಿಕೆ ವ್ಯವಸ್ಥೆ ಸರಿಮಾಡಿದ್ದರು. 1962ರಂಥ ಅನಾಹುತ ಆಗಲಿಲ್ಲ. 2013ರ ಡಿಸೆಂಬರ್‌ನಲ್ಲಿ ಇಂಗ್ಲೆಂಡಿನ ಪೂರ್ವ ಕರಾವಳಿಯ ಕೆಲವು ಕಡೆ ನೀರು 1953ರದ್ದನ್ನೂ ಮೀರಿತು. ಮನೆಗಳಿಗೆ ನುಗ್ಗಿತು, ನಷ್ಟವಾಯಿತು. ಸಾವು 1953ರ ಹತ್ತಿರಕ್ಕೂ ಬರಲಿಲ್ಲ.

ನಾನು ಕೆಲಸಕ್ಕೆ ಅಂತ ರಾಟರ್‌ಡ್ಯಾಮ್‌ಗೆ ಬಂದಿದ್ದೇನೆ. ಮನೆ ಸಮುದ್ರಮಟ್ಟಕ್ಕಿಂತ ಕೆಳಗಿದೆಯಂತೆ. ಹೆದರಬೇಕಾ?

ರಾತ್ರಿ ನಿದ್ದೆಗೆಡಬೇಕಿಲ್ಲ. ದೇಶದ ಸುಮಾರು ಕಾಲು ಭಾಗ ಸಮುದ್ರಮಟ್ಟಕ್ಕಿಂತ ಕೆಳಗೇ ಇದೆ. ಅತಿ ತಗ್ಗಿನ ಜಾಗ ರಾಟರ್‌ಡ್ಯಾಮ್‌ನ ಪಕ್ಕದಲ್ಲೇ, 6.7 ಮೀಟರಿಗೂ ಕೆಳಗೆ. ನಿಮ್ಮನ್ನು ಕಾಯುವುದು 1997ರಲ್ಲಿ ಮುಗಿದ ಮಾಸ್‌ಲಾಂಟ್ ತಡೆಗೇಟು. ಒಂದೊಂದು ಬಾಗಿಲು 210 ಮೀಟರ್ ಅಗಲ. ನೀರು 3 ಮೀಟರ್ ದಾಟಲಿದೆ ಎಂದು ಕಂಪ್ಯೂಟರ್ ಲೆಕ್ಕ ಹಾಕಿದರೆ ತಾನೇ ಮುಚ್ಚಿಕೊಳ್ಳುತ್ತದೆ. ಬಿರುಗಾಳಿಗೆ ಮೊದಲ ಸಲ ಮುಚ್ಚಿದ್ದು 2007ರ ನವೆಂಬರ್‌ನಲ್ಲಿ. 2023ರ ಡಿಸೆಂಬರ್‌ನಲ್ಲೂ ಮುಚ್ಚಿತು. ಜೊತೆಗೆ ಪ್ರತಿ ವರ್ಷ ದಡಕ್ಕೆ ಕೋಟಿಗೂ ಹೆಚ್ಚು ಘನ ಮೀಟರ್ ಮರಳು ಸುರಿಯುತ್ತಾರೆ.

ದೀರ್ಘಕಾಲದ ಚಿಂತೆ ಬೇರೆ. ಸಮುದ್ರ ಏರಿದಷ್ಟೂ ಗೇಟು ಪದೇ ಪದೇ ಮುಚ್ಚಬೇಕು. ಮುಚ್ಚಿದಾಗ ಹಡಗು ನಿಲ್ಲುತ್ತದೆ, ರೈನ್ ನದಿಯ ನೀರು ಒಳಗೇ ತುಂಬುತ್ತದೆ. ಒಂದು ಹಂತದ ನಂತರ ಈ ವ್ಯವಸ್ಥೆ ನಡೆಯುವುದಿಲ್ಲ ಎಂದು ಅಲ್ಲಿನ ಎಂಜಿನಿಯರುಗಳೇ ಹೇಳುತ್ತಾರೆ. ಮನೆ ಕೊಳ್ಳುವ ಯೋಚನೆಯಿದ್ದರೆ ಆ ಪಿನ್‌ಕೋಡಿನಲ್ಲಿ ಒಡ್ಡು ಒಡೆದರೆ ಎಷ್ಟು ನೀರು ನಿಲ್ಲುತ್ತದೆ ಎಂಬ ಸರ್ಕಾರಿ ನಕ್ಷೆ ನೋಡಿಕೊಳ್ಳಿ.

ನಮ್ಮ ಕರಾವಳಿಗೂ ಇದೇ ಲೆಕ್ಕವಾ?

ಕೂಡಿಸುವ ಲೆಕ್ಕ ಅದೇ, ಅಂಕಿಗಳು ಬೇರೆ. ಅರಬ್ಬಿ ಸಮುದ್ರದ ಚಂಡಮಾರುತಕ್ಕೆ ಬಿಸಿ ನೀರೇ ಆಹಾರ. ಹಾಗಾಗಿ "ಚಳಿಯಲ್ಲಿ ಜೋರು" ಎಂಬ ಉತ್ತರ ಸಮುದ್ರದ ಪಾಠವನ್ನು ಇಲ್ಲಿಗೆ ತರಬೇಡಿ. ಕಳೆದ ನಾಲ್ಕು ದಶಕಗಳಲ್ಲಿ ಅರಬ್ಬಿ ಸಮುದ್ರದ ಚಂಡಮಾರುತಗಳು ಹೆಚ್ಚಿವೆ. 2021ರ ಮೇನಲ್ಲಿ ತೌಕ್ತೆ ನಮ್ಮ ಮೂರೂ ಕರಾವಳಿ ಜಿಲ್ಲೆಗಳ ದಡಕ್ಕೆ ಬಡಿದು ಹೋದದ್ದು ನೆನಪಿರಬಹುದು. ಉಳ್ಳಾಲದ ಕಡಲ್ಕೊರೆತ ಇನ್ನೊಂದು ವಿಷಯ. ಅದರಲ್ಲಿ ಅಲೆ ಮತ್ತು ಮರಳಿನ ಓಡಾಟದ ಪಾತ್ರ ದೊಡ್ಡದು.

ನೆದರ್‌ಲ್ಯಾಂಡ್ಸ್‌ನ ಕಥೆಗೆ ನಿಜವಾದ ನಂಟು ಇರುವುದು ಕುಮಟಾದ ಅಘನಾಶಿನಿ ಅಳಿವೆಯ ಗಜನಿ ಭೂಮಿಗೆ. ಉಪ್ಪುನೀರನ್ನು ಮಣ್ಣಿನ ಒಡ್ಡಿನಿಂದ ತಡೆದು ಮಳೆಗಾಲದಲ್ಲಿ ಕಗ್ಗ ಭತ್ತ ಬೆಳೆಯುವ ನೆಲ ಅದು. ಕಗ್ಗ ಉಪ್ಪನ್ನೂ ನೆರೆಯನ್ನೂ ಸ್ವಲ್ಪ ತಡೆಯುತ್ತದೆ. ಮಳೆಗಾಲ ಮುಗಿದ ಮೇಲೆ ಕಡಲ ನೀರನ್ನು ಒಳಗೆ ಬಿಟ್ಟುಕೊಂಡು ಮೀನು, ಸಿಗಡಿ ಹಿಡಿಯುತ್ತಾರೆ. ನೀರನ್ನು ಪೂರ್ತಿ ಹೊರಗಿಟ್ಟು ನೆಲ ಇಳಿಸಿಕೊಂಡ ಡಚ್ಚರ ದಾರಿಗಿಂತ ಇದು ಜಾಣತನದ್ದು ಎಂದು ನನ್ನ ಅಭಿಪ್ರಾಯ. ಆದರೆ ಅಲ್ಲೂ ಒಡ್ಡು ನೋಡಿಕೊಳ್ಳುವವರಿಲ್ಲದಿದ್ದರೆ 1421ರ ಕಥೆಯೇ.

ಇದನ್ನೆಲ್ಲ ಹೋಗಿ ನೋಡಬಹುದಾ?

ಧಾರಾಳವಾಗಿ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಹುಡ್ಡೆಯ ಎಂಟು ಕಲ್ಲುಗಳಲ್ಲಿ ಒಂದು ಈಗಲೂ ಇದೆ. ಝೀಲ್ಯಾಂಡ್‌ನ ಔವರ್‌ಕರ್ಕ್‌ನಲ್ಲಿ 1953ರ ನೆರೆಯ ಮ್ಯೂಸಿಯಂ ಇದೆ. ಅಲ್ಲಿನ ಕೊನೆಯ ಕಂಡಿ ಮುಚ್ಚಿದ್ದು ಅದೇ ವರ್ಷದ ನವೆಂಬರ್ 6ರಂದು, ದೈತ್ಯ ಕಾಂಕ್ರೀಟ್ ಪೆಟ್ಟಿಗೆಗಳನ್ನು ಮುಳುಗಿಸಿ. ಮ್ಯೂಸಿಯಂ ಇರುವುದು ಆ ಪೆಟ್ಟಿಗೆಗಳ ಒಳಗೇ. ಮಾಸ್‌ಲಾಂಟ್ ಗೇಟನ್ನು ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ, ಪರೀಕ್ಷೆಗೆ ಮುಚ್ಚುತ್ತಾರೆ. ಜನ ಬುತ್ತಿ ಕಟ್ಟಿಕೊಂಡು ನೋಡಲು ಬರುತ್ತಾರೆ.

ರುಂಗ್‌ಹೋಲ್ಟ್‌ನಲ್ಲಿ ಸಿಕ್ಕಿದ ವಸ್ತುಗಳು ಜರ್ಮನಿಯ ಹೂಸುಮ್ ಪಟ್ಟಣದ ಮ್ಯೂಸಿಯಂನಲ್ಲಿವೆ. ಆ ಜಾಗದ ಕಡೆಗೆ ಇಳಿತದ ಹೊತ್ತಿನಲ್ಲಿ ಮಾರ್ಗದರ್ಶಕರ ಜೊತೆ ಕೆಸರಿನ ಮೇಲೆ ನಡೆದು ಹೋಗುವ ಪ್ರವಾಸಗಳೂ ಇವೆ. ಒಬ್ಬರೇ ಮಾತ್ರ ಹೋಗಬೇಡಿ. ಉಬ್ಬರ ಶುರುವಾದಾಗ ನೀರು ಎದುರಿನಿಂದ ಬರುತ್ತದೆ ಎಂದುಕೊಂಡಿರುತ್ತೀರಿ, ಅಷ್ಟರಲ್ಲಿ ನಿಮ್ಮ ಬೆನ್ನ ಹಿಂದಿನ ಕಾಲುವೆಗಳು ತುಂಬಿರುತ್ತವೆ.